ಡಲ್ಲಾಸ್ ಕಡೆಗೆ ಹೊಸದಾಗಿ ಬಂದವರಿಗೆ: ಡ್ರೋನಿನಲ್ಲಿ ಏನು ತರಿಸಬಹುದು, ಏನು ಬೇಡ

ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಸುತ್ತಲಿನ ಫ್ರಿಸ್ಕೊ, ಲಿಟಲ್ ಎಲ್ಮ್, ಲೂಯಿಸ್‌ವಿಲ್ ಊರುಗಳಿಗೆ ಹೊಸದಾಗಿ ಬಂದವರು ಮೊದಲೆಲ್ಲ ಶಾಲೆ ಹೇಗೆ, ಡ್ರೈವಿಂಗ್ ಲೈಸೆನ್ಸ್ ಹೇಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದರು. ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಮನೆ ಮೇಲೆ ಗುಂಯ್ ಅಂತ ಏನೋ ಹಾರಿಹೋಯಿತಲ್ಲ, ಅದರಲ್ಲಿ ನಾವೂ ಸಾಮಾನು ತರಿಸಬಹುದಾ? ತರಿಸಬಹುದು. ಆದರೆ ಅದನ್ನು ನಂಬಿಕೊಂಡು ಕಾರು ಕೊಳ್ಳುವುದನ್ನು ಮುಂದೂಡಬೇಡಿ. ಡ್ರೋನ್ ಇರುವುದು ತರಲು ಮರೆತ ಒಂದೆರಡು ಸಣ್ಣ ಸಾಮಾನಿಗೆ, ತಿಂಗಳ ದಿನಸಿಗಲ್ಲ.

ನೀವು ಬಂದಿರುವುದು ಈ ವ್ಯವಹಾರ ಬಹಳ ಜೋರಾಗಿ ಬೆಳೆದಿರುವ ಊರುಗಳಿಗೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್‌ಗೆ ಸೇರಿದ ವಿಂಗ್ ಕಂಪನಿ 2022ರ ಏಪ್ರಿಲ್‌ನಲ್ಲಿ ಫ್ರಿಸ್ಕೊ ಮತ್ತು ಲಿಟಲ್ ಎಲ್ಮ್‌ನಲ್ಲಿ ಶುರು ಮಾಡಿತು. ಆಗ ವಾಲ್‌ಗ್ರೀನ್ಸ್ ಔಷಧಿ ಅಂಗಡಿಯ ಸಾಮಾನು ಬರುತ್ತಿತ್ತು. 2023ರಲ್ಲಿ ವಾಲ್‌ಮಾರ್ಟ್ ಕೈಜೋಡಿಸಿತು. ಡಲ್ಲಾಸ್–ಫೋರ್ಟ್ ವರ್ತ್ ಪ್ರದೇಶದ ಮುಕ್ಕಾಲು ಪಾಲು ಜನಕ್ಕೆ ಡ್ರೋನ್ ತಲುಪಿಸುತ್ತೇವೆ ಎಂದು 2024ರ ಜನವರಿಯಲ್ಲಿ ವಾಲ್‌ಮಾರ್ಟ್ ಹೇಳಿತು. ಜಿಪ್‌ಲೈನ್ ಎನ್ನುವ ಕಂಪನಿ 2025ರಲ್ಲಿ ಮೆಸ್ಕೀಟ್‌ನಿಂದ ವಾಲ್‌ಮಾರ್ಟ್ ಸಾಮಾನು ಹಾರಿಸಲು ಶುರು ಮಾಡಿತು. ಹೋಟೆಲ್ ಊಟ ತರುವ ಫ್ಲೈಟ್ರೆಕ್ಸ್ ಕೂಡ ಈ ಭಾಗದಲ್ಲಿದೆ. ಅದು ಇಸ್ರೇಲಿನ ಕಂಪನಿ.

ಇಲ್ಲೇ ಯಾಕೆ ಅಂತೀರಾ? ನೆಲ ಸಪಾಟು. ಹಿತ್ತಲಿರುವ ಒಂಟಿ ಮನೆಗಳೇ ಜಾಸ್ತಿ. ಅದಕ್ಕಿಂತ ಮುಖ್ಯವಾದದ್ದು ಅನುಮತಿ. ಮೊದಲೆಲ್ಲ ಡ್ರೋನ್ ಹೋಗುವ ದಾರಿಯಲ್ಲಿ ಯಾರಾದರೂ ನಿಂತು ಆಕಾಶ ನೋಡುತ್ತಿರಬೇಕಿತ್ತು. 2024ರ ಜುಲೈನಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ, ಡಲ್ಲಾಸ್ ಸುತ್ತಮುತ್ತ ವಿಂಗ್ ಮತ್ತು ಜಿಪ್‌ಲೈನ್ ಎರಡೂ ಒಂದೇ ಆಕಾಶದಲ್ಲಿ, ಕೆಳಗೆ ಕಾವಲಿನವರಿಲ್ಲದೆ ಹಾರಬಹುದು ಎಂದಿತು. ಯಾವ ಡ್ರೋನ್ ಎಲ್ಲಿ ಹೋಗುತ್ತಿದೆ ಎಂಬುದನ್ನು ಕಂಪನಿಗಳ ಸಾಫ್ಟ್‌ವೇರ್‌ಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಒಬ್ಬ ಪೈಲಟ್ ಎಲ್ಲೋ ದೂರದಲ್ಲಿ ಕೂತು ಹಲವು ಡ್ರೋನ್‌ಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಜಾಯ್‌ಸ್ಟಿಕ್ ಹಿಡಿದು ಓಡಿಸುವುದಿಲ್ಲ.

ಎಲ್ಲರೂ ಎಡವುವುದು ತೂಕದಲ್ಲಿ. ವಿಂಗ್‌ನ ಮಾಮೂಲಿ ಡ್ರೋನ್ ಹೊರುವುದು ಎರಡೂವರೆ ಪೌಂಡ್, ಅಂದರೆ ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಇದನ್ನು ನಮ್ಮ ಅಡುಗೆಮನೆಯ ಲೆಕ್ಕಕ್ಕೆ ಇಳಿಸಿ ನೋಡಿ. ಇಲ್ಲಿನ ಒಂದು ಗ್ಯಾಲನ್ ಹಾಲು ಎಂಟೂವರೆ ಪೌಂಡ್ ದಾಟುತ್ತದೆ. ಅದು ಬರುವುದಿಲ್ಲ. ಅರ್ಧ ಗ್ಯಾಲನ್ ಕೂಡ ನಾಲ್ಕು ಪೌಂಡ್ ಮೀರುತ್ತದೆ, ಅದೂ ಇಲ್ಲ. ಕ್ವಾರ್ಟ್ ಅಂತ ಸಿಗುವ ಸಣ್ಣ ಡಬ್ಬಿ ತರಿಸಿದರೆ ಸಂಜೆ ಕಾಫಿಗೆ ಸಾಕು. ಒಂದು ಡಜನ್ ಮೊಟ್ಟೆ ಆರಾಮಾಗಿ ಬರುತ್ತದೆ. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ನಿಂಬೆಹಣ್ಣು, ನಾಲ್ಕು ಟೊಮೆಟೊ, ಇವೆಲ್ಲ ಒಟ್ಟಿಗೆ ಸೇರಿದರೂ ತೂಕ ಹಿಡಿಯುವುದಿಲ್ಲ. ಹೆಪ್ಪು ಮುಗಿದುಹೋಗಿದ್ದರೆ ಒಂದು ಪುಟ್ಟ ಕಪ್ ಪ್ಲೇನ್ ಯೋಗರ್ಟ್ ತರಿಸಿ. ಡಬ್ಬಿಯ ಮೇಲೆ ಲೈವ್ ಅಂಡ್ ಆಕ್ಟಿವ್ ಕಲ್ಚರ್ಸ್ ಅಂತ ಇರಲಿ, ಸಕ್ಕರೆ ಹಾಕಿರದಿರಲಿ. ಇಪ್ಪತ್ತು ಪೌಂಡಿನ ಅಕ್ಕಿ ಮೂಟೆಗೆ, ಕರಿಬೇವಿಗೆ, ಎಂಟಿಆರ್ ಪುಡಿಗೆ ಇಂಡಿಯನ್ ಅಂಗಡಿಗೆ ನೀವೇ ಹೋಗಬೇಕು. ಜಿಪ್‌ಲೈನ್‌ನ ಡ್ರೋನ್ ಎಂಟು ಪೌಂಡ್‌ವರೆಗೆ ಹೊರುತ್ತದೆ, ಆದ್ದರಿಂದ ಅದು ಬರುವ ಊರಿನಲ್ಲಿ ಅರ್ಧ ಗ್ಯಾಲನ್ ಹಾಲಿಗೆ ಅಡ್ಡಿಯಿಲ್ಲ. ಇಷ್ಟೆಲ್ಲ ನೀವೇ ಕೂಡಿ ಕಳೆಯಬೇಕಾಗಿಲ್ಲ. ಡ್ರೋನಿನಲ್ಲಿ ಕಳಿಸಲಾಗುವ ಸಾಮಾನುಗಳನ್ನು ನೀವು ಆರ್ಡರ್ ಮಾಡುವ ಆಪ್ ಬೇರೆಯಾಗಿ ತೋರಿಸುತ್ತದೆ. ಆದರೂ ಸುಮ್ನೆ ಎಲ್ಲವನ್ನೂ ಕಾರ್ಟ್‌ಗೆ ತುಂಬಿಕೊಂಡು ಕೊನೆಯಲ್ಲಿ ಬೇಜಾರು ಮಾಡಿಕೊಳ್ಳಬೇಡಿ.

ಈ ಸೌಲಭ್ಯ ನಿಜವಾಗಿ ಯಾರಿಗೆ ಬೇಕು ಎಂದರೆ ನಾನು ಹೇಳುವುದು ಒಂದೇ ಮನೆ. ಒಬ್ಬರು ಇರುವ ಒಂದು ಕಾರು ತೆಗೆದುಕೊಂಡು ಆಫೀಸಿಗೆ ಹೋಗಿರುತ್ತಾರೆ. ಇನ್ನೊಬ್ಬರು ಗಂಡ ಅಥವಾ ಹೆಂಡತಿಯ ಕೆಲಸದ ವೀಸಾದ ಮೇಲೆ ಸಿಗುವ ಎಚ್4 ವೀಸಾದಲ್ಲಿ ಬಂದು ಇನ್ನೂ ಲೈಸೆನ್ಸ್ ಆಗಿರುವುದಿಲ್ಲ. ಬಸ್ಸಿಲ್ಲ, ನಡೆದು ಹೋಗುವಷ್ಟು ಹತ್ತಿರ ಅಂಗಡಿಯಿಲ್ಲ. ಮಗುವಿಗೆ ಮಧ್ಯಾಹ್ನ ಜ್ವರ ಬರುತ್ತದೆ. ಅಂಥ ಹೊತ್ತಿನಲ್ಲಿ ಅರ್ಧ ಗಂಟೆಯೊಳಗೆ ಜ್ವರದ ಔಷಧಿ ಹಿತ್ತಲಿಗೆ ಬಂದರೆ ಅದಕ್ಕಿಂತ ಇನ್ನೇನು ಬೇಕು? ಡಾಕ್ಟರ ಚೀಟಿ ಬೇಡದ ಔಷಧಿ ಮಾತ್ರ ತರಿಸಬಹುದು ಎಂದುಕೊಂಡೇ ಇರಿ. ಊರಲ್ಲಿ ನಾವು ಪ್ಯಾರಸಿಟಮಾಲ್ ಅನ್ನುವುದು ಇಲ್ಲಿ ಅಸಿಟಮಿನೋಫೆನ್, ಟೈಲೆನಾಲ್ ಅಂತ ಹುಡುಕಿದರೆ ಬೇಗ ಸಿಗುತ್ತದೆ. ಮಕ್ಕಳದ್ದೇ ಬೇರೆ ಬಾಟಲಿ ಇರುತ್ತದೆ. ಎಷ್ಟು ಕೊಡಬೇಕು ಎನ್ನುವುದು ಮಗುವಿನ ತೂಕದ ಮೇಲೆ, ಆದ್ದರಿಂದ ಮಕ್ಕಳ ಡಾಕ್ಟರ ಆಫೀಸಿಗೆ ಒಂದು ಫೋನ್ ಮಾಡಿ. ಮೂರು ತಿಂಗಳೂ ತುಂಬದ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಡ್ರೋನ್‌ಗೆ ಕಾಯುವುದಲ್ಲ, ತಕ್ಷಣ ಡಾಕ್ಟರಿಗೆ ತಿಳಿಸಬೇಕು. ಉಸಿರಾಟದ ತೊಂದರೆ, ಎದೆನೋವು ಎಂದರೆ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಈ ಮಾತು ನಿಮ್ಮಲ್ಲಿಗೆ ಬಂದಿರುವ ಅಪ್ಪ ಅಮ್ಮನಿಗೂ ಹೇಳಿಕೊಟ್ಟಿರಿ.

ಹೊಸಬರು ಹೆಚ್ಚಾಗಿ ಮೊದಲ ವರ್ಷ ಅಪಾರ್ಟ್‌ಮೆಂಟಿನಲ್ಲಿರುತ್ತೀರಿ, ಅಲ್ವಾ? ಅಲ್ಲಿ ಡ್ರೋನ್ ಸಾಮಾನ್ಯವಾಗಿ ಕಷ್ಟ. ಸಾಮಾನು ಇಳಿಸಲು ಮೇಲೆ ಮರ, ತಂತಿ, ಮಾಡು ಏನೂ ಇಲ್ಲದ ಜಾಗ ಬೇಕು. ಬಾಲ್ಕನಿಗೆ ಬರುವುದಿಲ್ಲ. ಆಪ್‌ನಲ್ಲಿ ವಿಳಾಸ ಹಾಕಿದರೆ ನಿಮ್ಮ ಮನೆಗೆ ಉಂಟೋ ಇಲ್ಲವೋ ಗೊತ್ತಾಗುತ್ತದೆ. ಪಕ್ಕದ ಬೀದಿಗೆ ಬಂದು ನಿಮ್ಮ ಬೀದಿಗೆ ಬಾರದೇ ಇರಬಹುದು. ವಿಂಗ್ ಅಂಗಡಿಯಿಂದ ಸುಮಾರು ಆರು ಮೈಲಿ ದೂರದೊಳಗೆ ಮಾತ್ರ ಹಾರುತ್ತದೆ. ಡ್ರೋನ್ ಬರುತ್ತದೆ ಅಂತ ಜಾಸ್ತಿ ಬಾಡಿಗೆಯ ಮನೆ ಹಿಡಿದವರನ್ನೂ ನೋಡಿದ್ದೇನೆ. ಶಾಲೆ ನೋಡಿ ಮನೆ ಹಿಡಿಯಿರಿ ಮಾರಾಯ್ರೇ.

ಒಂಟಿ ಮನೆಯಾದರೆ ಆರ್ಡರ್ ಮಾಡುವಾಗ ಎಲ್ಲಿ ಇಳಿಸಬೇಕು ಎಂದು ನಕ್ಷೆಯ ಮೇಲೆ ಗುರುತು ಹಾಕಬೇಕು. ಹಿತ್ತಲು ಅಥವಾ ಡ್ರೈವ್‌ವೇ. ಈಜುಕೊಳ ಇದ್ದರೆ ಅದರಿಂದ ದೂರ ಇಡಿ. ಹಬ್ಬದ ದಿನ ಡ್ರೈವ್‌ವೇಯಲ್ಲಿ ರಂಗೋಲಿ ಹಾಕಿದ್ದರೆ ಗುರುತನ್ನು ಹಿತ್ತಲಿಗೆ ಸರಿಸಿ. ಡ್ರೋನಿನ ಗಾಳಿಗೆ ರಂಗೋಲಿ ಪುಡಿ ಹಾರಿತೆಂದರೆ ಮನೆಯಲ್ಲಿ ಮಾತು ಕೇಳುವವರು ನೀವೇ.

ವಿಂಗ್‌ನ ಡ್ರೋನ್ ನೆಲಕ್ಕೆ ಇಳಿಯುವುದಿಲ್ಲ. ಸುಮಾರು ಏಳು ಮೀಟರ್ ಎತ್ತರದಲ್ಲಿ ನಿಂತು, ಹಗ್ಗದಲ್ಲಿ ರಟ್ಟಿನ ಪೊಟ್ಟಣ ಇಳಿಸುತ್ತದೆ. ನೆಲ ಮುಟ್ಟಿದ ಕೂಡಲೇ ಕೊಕ್ಕೆ ತಾನೇ ಬಿಡುತ್ತದೆ. ನೀವು ಬಿಚ್ಚುವುದು ಏನೂ ಇಲ್ಲ. ಜಿಪ್‌ಲೈನ್‌ನದು ಇನ್ನೂ ಬೇರೆ. ದೊಡ್ಡ ಡ್ರೋನ್ ಸುಮಾರು 300 ಅಡಿ ಮೇಲೆಯೇ ನಿಂತಿರುತ್ತದೆ. ಒಂದು ಪುಟ್ಟ ಪೆಟ್ಟಿಗೆ ಹಗ್ಗದ ತುದಿಯಲ್ಲಿ ತನ್ನ ಫ್ಯಾನ್‌ಗಳಿಂದಲೇ ಅತ್ತಿತ್ತ ಸರಿದು ಸರಿಯಾದ ಜಾಗಕ್ಕೆ ಬಂದು ಸಾಮಾನು ಇಟ್ಟು ಮೇಲೆ ಹೋಗುತ್ತದೆ. ಮಕ್ಕಳು ಹಗ್ಗ ಹಿಡಿಯಲು ಓಡುತ್ತಾರೆ, ಬಿಡಬೇಡಿ. ಡ್ರೋನ್ ಹೊರಟುಹೋಗುವವರೆಗೂ ಎಲ್ಲರೂ ಬಾಗಿಲ ಒಳಗೇ ಇರಲಿ. ನಾಯಿಯನ್ನೂ ಒಳಗೆ ಕಟ್ಟಿ. ಟಿಪ್ ಕೊಡಬೇಕಾ ಅಂತ ಕೇಳಿದವರಿದ್ದಾರೆ. ತಂದುಕೊಟ್ಟವರೇ ಇಲ್ಲ, ಯಾರಿಗೆ ಕೊಡುತ್ತೀರಿ? ಆದರೆ ಡೆಲಿವರಿ ಶುಲ್ಕ ಎಷ್ಟು ಎಂಬುದು ಸದಸ್ಯತ್ವದ ಮೇಲೆ ಬದಲಾಗುತ್ತದೆ. ದುಡ್ಡು ಕಟ್ಟುವ ಮೊದಲು ಕೊನೆಯ ಪುಟವನ್ನು ಸರಿಯಾಗಿ ಓದಿ. ಎರಡು ಡಾಲರಿನ ಕೊತ್ತಂಬರಿ ಸೊಪ್ಪಿಗೆ ಅದಕ್ಕಿಂತ ಜಾಸ್ತಿ ಶುಲ್ಕ ಕೊಟ್ಟರೆ ಸಾಂಬಾರಿನ ರುಚಿಯೇನೂ ಹೆಚ್ಚುವುದಿಲ್ಲ.

ಹವಾಮಾನ ಕೆಟ್ಟರೆ ಡ್ರೋನ್ ಇಲ್ಲ. ಟೆಕ್ಸಸ್‌ನ ವಸಂತಕಾಲ ನೀವಿನ್ನೂ ನೋಡಿಲ್ಲ ಅನ್ನಿಸುತ್ತದೆ. ಮಾರ್ಚ್‌ನಿಂದ ಮೇವರೆಗೆ ಗುಡುಗು, ಆಲಿಕಲ್ಲು, ಬಿರುಗಾಳಿ, ಕೆಲವು ಸಲ ಸುಂಟರಗಾಳಿಯ ಸೈರನ್. ಮಳೆ ಜೋರಾದಾಗಲೇ ನಮಗೆ ಮನೆಯಿಂದ ಹೊರಡಲು ಮನಸ್ಸಿರುವುದಿಲ್ಲ, ಅದೇ ದಿನ ಡ್ರೋನೂ ಹೊರಡುವುದಿಲ್ಲ. ಆದ್ದರಿಂದ ಜ್ವರದ ಔಷಧಿ, ಬ್ಯಾಟರಿ, ಮಗುವಿನ ಡೈಪರ್ ಒಂದಿಷ್ಟು ಮನೆಯಲ್ಲೇ ಇರಲಿ.

ಇನ್ನು ಅಕ್ಕಪಕ್ಕದವರ ವಿಷಯ. ಕ್ಯಾಮೆರಾ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. ವಿಂಗ್ ಹೇಳುವ ಪ್ರಕಾರ ಅದು ಕೆಳಗೆ ನೋಡುವ, ಕಪ್ಪು-ಬಿಳುಪಿನ, ಮಸುಕಾದ ಚಿತ್ರ ತೆಗೆಯುವ ಕ್ಯಾಮೆರಾ. ದಾರಿ ತಿಳಿಯಲು ಮಾತ್ರ ಬಳಸುತ್ತದೆ, ಯಾರೂ ಕೂತು ನೇರವಾಗಿ ನೋಡುತ್ತಿರುವುದಿಲ್ಲ. ಕ್ಯಾಮೆರಾಕ್ಕಿಂತ ಸದ್ದೇ ದೊಡ್ಡ ತಕರಾರು ಎನ್ನುವುದು ನನ್ನ ಅಭಿಪ್ರಾಯ. ಟೆಕ್ಸಸ್‌ನಲ್ಲೇ ಕಾಲೇಜ್ ಸ್ಟೇಷನ್ ಎಂಬ ಊರಿದೆ. ಅಲ್ಲಿ ಅಮೆಜಾನ್ 2022ರ ಕೊನೆಯಲ್ಲಿ ಡ್ರೋನ್ ಹಾರಿಸಲು ಶುರು ಮಾಡಿತ್ತು. 2024ರಲ್ಲಿ ದಿನಕ್ಕೆ 200 ಇದ್ದ ಹಾರಾಟದ ಮಿತಿಯನ್ನು 469ಕ್ಕೆ ಏರಿಸಲು ಕೇಳಿತು. ಹತ್ತಿರದ ಮನೆಯವರು ಸದ್ದು ತಡೆಯಲಾಗುತ್ತಿಲ್ಲ ಎಂದು ಎದ್ದು ನಿಂತರು. ಊರಿನ ಮೇಯರ್ ಎಫ್‌ಎಎಗೆ ಪತ್ರ ಬರೆದರು. 2025ರಲ್ಲಿ ಅಮೆಜಾನ್ ಅಲ್ಲಿಂದ ಡ್ರೋನ್ ಕೇಂದ್ರ ತೆಗೆಯಿತು. ಹೀಗೆ ಜನ ಹೇಳಿದ್ದು ಕೆಲಸಕ್ಕೆ ಬರುತ್ತದೆ. ನಿಮಗೂ ತೊಂದರೆಯಾದರೆ ಸಿಟಿ ಕೌನ್ಸಿಲ್ ಸಭೆಗೆ ಹೋಗಿ ಹೇಳಬಹುದು, ಎಫ್‌ಎಎ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಬರೆಯಬಹುದು. ಅದಕ್ಕೆ ಪೌರತ್ವ ಬೇಕಿಲ್ಲ. ಎಚ್‌ಒಎಗೆ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ, ದೂರು ಕೊಟ್ಟು ಪ್ರಯೋಜನ ಕಡಿಮೆ. ಮೇಲಿನ ಆಕಾಶ ಎಫ್‌ಎಎ ಕೈಯಲ್ಲಿದೆ. ಡ್ರೋನ್ ಕೇಂದ್ರ ಯಾವ ಜಾಗದಲ್ಲಿ ಇರಬೇಕು ಎನ್ನುವುದು ಊರಿನ ಆಡಳಿತಕ್ಕೆ ಸೇರಿದ್ದು. ಎಚ್‌ಒಎ ನಿಮ್ಮ ಬೇಲಿಯ ಬಣ್ಣ ನೋಡಿಕೊಂಡಿರಲಿ.

ಸಿಟ್ಟು ಬಂದರೂ ಕಲ್ಲು ಎಸೆಯಲು ಹೋಗಬೇಡಿ. ಇಲ್ಲಿನ ಕಾನೂನಿನಲ್ಲಿ ಡ್ರೋನೂ ವಿಮಾನವೇ. ಅದಕ್ಕೆ ಹಾನಿ ಮಾಡುವುದು ಫೆಡರಲ್ ಅಪರಾಧ. 2024ರಲ್ಲಿ ಫ್ಲಾರಿಡಾದಲ್ಲಿ ಒಬ್ಬರು ವಾಲ್‌ಮಾರ್ಟ್ ಡ್ರೋನಿಗೆ ಗುಂಡು ಹಾರಿಸಿ ಅರೆಸ್ಟ್ ಆದರು. ವೀಸಾದಲ್ಲಿರುವವರಿಗೆ ಇಂಥ ಕೇಸು ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಟ್ರೇಲಿಯಾದಲ್ಲಿರುವ ನಮ್ಮವರಿಗೆ ಇದೆಲ್ಲ ನಮಗಿಂತ ಮೊದಲೇ ಗೊತ್ತು. ಕ್ಯಾನ್‌ಬೆರಾ, ಲೋಗನ್ ಊರುಗಳಲ್ಲಿ ವಿಂಗ್ 2019ರಿಂದಲೇ ಹಾರುತ್ತಿತ್ತು. 2021ರಲ್ಲಿ ಕ್ಯಾನ್‌ಬೆರಾದ ಒಂದು ಬಡಾವಣೆಯಲ್ಲಿ ಗೂಡು ಕಟ್ಟಿದ್ದ ಕಾಗೆ ಜಾತಿಯ ಹಕ್ಕಿಗಳು ಡ್ರೋನ್ ಮೇಲೆ ಬಿದ್ದು ಕಚ್ಚಿದವು, ಕಂಪನಿ ಅಲ್ಲಿ ಸ್ವಲ್ಪ ದಿನ ಸೇವೆ ನಿಲ್ಲಿಸಿತು. ಮರುವರ್ಷ ಲೋಗನ್‌ನಲ್ಲಿ ಒಂದು ಡ್ರೋನ್ ವಿದ್ಯುತ್ ತಂತಿಯ ಮೇಲೆ ಕೂತು ಎರಡು ಸಾವಿರ ಮನೆಗಳಿಗೆ ಕರೆಂಟು ಹೋಯಿತು. ವಿದ್ಯುತ್ ಕಂಪನಿಯವರು ಬಂದು ನೋಡಿದಾಗ ಪೊಟ್ಟಣದ ಊಟ ಇನ್ನೂ ಬಿಸಿ ಇತ್ತಂತೆ.

ಊರಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಬಣ್ಣ ಕಟ್ಟಿ ಹೇಳುವ ಮೊದಲು ಒಂದು ವಿಷಯ ಗೊತ್ತಿರಲಿ. ನಮ್ಮ ಗೌರಿಬಿದನೂರಿನಲ್ಲಿ 2021ರ ಜೂನ್‌ನಲ್ಲೇ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಕಂಪನಿ ಡ್ರೋನಿನಲ್ಲಿ ಔಷಧಿ ಸಾಗಿಸುವ ಪ್ರಯೋಗ ನಡೆಸಿತ್ತು. ಈಗ ಮೆಸ್ಕೀಟ್‌ನಲ್ಲಿ ಹಾರುವ ಜಿಪ್‌ಲೈನ್ ಕೂಡ 2016ರಲ್ಲಿ ರುವಾಂಡಾದ ಗುಡ್ಡಗಾಡಿನ ಆಸ್ಪತ್ರೆಗಳಿಗೆ ರಕ್ತ ತಲುಪಿಸುತ್ತಾ ಶುರುವಾದದ್ದು. ಅಲ್ಲಿ ರಸ್ತೆ ಸರಿಯಿಲ್ಲದ ಕಡೆ ಜೀವ ಉಳಿಸಲು ಹುಟ್ಟಿದ್ದು ಇಲ್ಲಿ ಆರು ಪಥದ ರಸ್ತೆಯ ಮೇಲೆ ಐಸ್‌ಕ್ರೀಮ್ ಹೊತ್ತು ಓಡಾಡುತ್ತಿದೆ. ವಾಲ್‌ಮಾರ್ಟ್ ಡ್ರೋನಿನಲ್ಲಿ ಜನ ಹೆಚ್ಚು ತರಿಸುವ ಸಾಮಾನುಗಳಲ್ಲಿ ಐಸ್‌ಕ್ರೀಮ್ ಮುಂದಿದೆ. ನನಗೆ ಇದು ಸ್ವಲ್ಪ ಅತಿ ಅನ್ನಿಸುತ್ತದೆ. ಬೇಸಿಗೆಯಲ್ಲಿ ನಾನೂ ತರಿಸಿದ್ದೇನೆ, ಅದು ಬೇರೆ ಮಾತು.

ಕೊನೆಗೆ ರಜೆಯಲ್ಲಿ ಊರಿಗೆ ಹೊರಡುವವರಿಗೆ. ಇಲ್ಲಿ ಡ್ರೋನ್ ನೋಡಿ ಆಸೆಪಟ್ಟು ಅಕ್ಕನ ಮಗನಿಗೆ ಒಂದು ಕ್ಯಾಮೆರಾ ಡ್ರೋನ್ ಕೊಂಡುಕೊಂಡು ಸೂಟ್‌ಕೇಸಿಗೆ ಹಾಕುವವರು ಜಾಸ್ತಿ. ಹಾಕಬೇಡಿ. ವಿದೇಶದಲ್ಲಿ ತಯಾರಾದ ಡ್ರೋನ್‌ಗಳ ಆಮದನ್ನು ಭಾರತ ಸರ್ಕಾರ 2022ರ ಫೆಬ್ರವರಿಯಲ್ಲೇ ನಿಷೇಧಿಸಿದೆ. ರಕ್ಷಣೆ, ಸಂಶೋಧನೆಯಂಥ ಕೆಲಸಗಳಿಗೆ ಮಾತ್ರ ವಿನಾಯಿತಿ. ದೇವನಹಳ್ಳಿ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಕೊಟ್ಟ ದುಡ್ಡೂ ಹೋಯಿತು, ವಸ್ತುವೂ ಹೋಯಿತು. ನಿಮಗೇ ಇಲ್ಲಿ ಹಾರಿಸಲು ಬೇಕಾದರೆ ಕೊಳ್ಳಿ. 250 ಗ್ರಾಂ ಮತ್ತು ಅದಕ್ಕಿಂತ ಜಾಸ್ತಿ ತೂಗಿದರೆ ಎಫ್‌ಎಎನಲ್ಲಿ ನೋಂದಣಿ ಮಾಡಿಸಿ. ತೂಕ ಎಷ್ಟೇ ಇದ್ದರೂ ಟ್ರಸ್ಟ್ ಎನ್ನುವ ಆನ್‌ಲೈನ್ ಪರೀಕ್ಷೆ ಬರೆಯಿರಿ, ಅದು ಸುಲಭ, ಪುಕ್ಕಟೆ ಕೂಡ. ಯುಗಾದಿ ಪಿಕ್ನಿಕ್ಕಿನ ವಿಡಿಯೊ ತೆಗೆಯಲು ಎತ್ತುವ ಮುಂಚೆ ಆ ಪಾರ್ಕ್ ಡಿಎಫ್‌ಡಬ್ಲ್ಯು ಅಥವಾ ಲವ್ ಫೀಲ್ಡ್ ವಿಮಾನ ನಿಲ್ದಾಣದ ನಿರ್ಬಂಧಿತ ಜಾಗದೊಳಗೆ ಬರುತ್ತದಾ ಎಂದು ನೋಡಿಕೊಳ್ಳಿ.