ಕಿವಿ ಮಷೀನು ಹಾಕಿಕೊಂಡೇ ಫೋನಿನಲ್ಲಿ ಮಾತಾಡಿ

ನಮ್ಮ ಅಪ್ಪಾಜಿ ಫೋನು ರಿಂಗಾದ ಕೂಡಲೇ ಕಿವಿ ಮಷೀನು ತೆಗೆದು ಜೇಬಿಗೆ ಹಾಕುತ್ತಿದ್ದರು. ಆಮೇಲೆ "ಏನಂದ್ರಿ? ಜೋರಾಗಿ ಹೇಳ್ರಿ" ಅಂತ ದಾವಣಗೆರೆ ಮಂಡಿಪೇಟೆಗೆಲ್ಲ ಕೇಳುವ ಹಾಗೆ ಕೂಗುವುದು. ಹಾಕಿಕೊಂಡರೆ ಕುಯ್ಯ್ ಅನ್ನುತ್ತದೆ ಅಂತ ಅವರ ದೂರು. ತಪ್ಪು ಮಷೀನಿನದಲ್ಲ, ಫೋನು ಹಿಡಿಯುವ ಜಾಗದ್ದು.

ಕಿವಿ ಹಿಂದೆ ಕೂರುವ ಮಷೀನಾದರೆ ಅದರ ಮೈಕು ಇರುವುದು ಕಿವಿಯ ಮೇಲ್ಭಾಗದಲ್ಲಿ, ತೂತಿನಲ್ಲಲ್ಲ. ಹಾಗಾಗಿ ಫೋನಿನ ಸ್ಪೀಕರು ಆ ಮೈಕಿನ ಹತ್ತಿರ ಬರುವ ಹಾಗೆ ಸ್ವಲ್ಪ ಮೇಲಕ್ಕೆತ್ತಿ, ಓರೆ ಮಾಡಿ, ಚೂರು ಸಂದಿ ಬಿಟ್ಟು ಹಿಡಿಯಿರಿ. ಒತ್ತಿ ಹಿಡಿದರೆ ಕಿವಿಯಿಂದ ಸೋರಿದ ಸದ್ದು ಫೋನಿಗೆ ಬಡಿದು ವಾಪಸ್ ಮೈಕಿಗೇ ಹೋಗುತ್ತದೆ, ಕುಯ್ಯ್ ಅನ್ನುವುದು ಅದೇ. ಅಭ್ಯಾಸಕ್ಕೆ ಕಸ್ಟಮರ್ ಕೇರಿಗೆ ಫೋನು ಮಾಡಿ, ಆ ರೆಕಾರ್ಡಿಂಗ್ ಹೆಂಗಸು ಒಂದು ಒತ್ತಿ ಎರಡು ಒತ್ತಿ ಅನ್ನುತ್ತಿರುವಾಗ ಫೋನನ್ನು ನಿಧಾನ ಆಚೀಚೆ ಸರಿಸಿ ನೋಡಿ. ಅವಳಿಗೇನೂ ಬೇಜಾರಾಗಲ್ಲ.

ಗುರ್ರ್ ಅಂತ ಬಂದರೆ ಅದು ಬೇರೆ ಕಥೆ. ಸಿಗ್ನಲ್ 2ಜಿಗೆ ಇಳಿದಾಗ ಫೋನಿನ ರೇಡಿಯೋ ಅಲೆ ಮಷೀನಿಗೆ ತೊಂದರೆ ಕೊಡುತ್ತದೆ. ಸೆಟ್ಟಿಂಗಿನಲ್ಲಿ 4ಜಿ ಇಟ್ಟುಕೊಳ್ಳಿ, ಇಲ್ಲಾಂದ್ರೆ ಸ್ಪೀಕರ್ ಹಾಕಿ ದೂರ ಇಡಿ.

ಮಷೀನಿನಲ್ಲಿ ಟೆಲಿಕಾಯಿಲ್, ಅಂದರೆ ಮೈಕಿನ ಬದಲು ಫೋನಿನ ಕಾಂತೀಯ ಸಂಕೇತ ಹಿಡಿಯುವ ಪುಟ್ಟ ತಂತಿ ಸುರುಳಿ, ಇದೆಯಾ ಅಂತ ಕೊಟ್ಟವರನ್ನು ಕೇಳಿ. ಅದನ್ನು ಆನ್ ಮಾಡಿದರೆ, ಹೊಂದುವ ಫೋನಾದರೆ, ಬಸ್‌ಸ್ಟ್ಯಾಂಡಿನ ಗದ್ದಲ ಬಿಟ್ಟು ಬರೀ ಫೋನಿನ ಮಾತು ಕೇಳುತ್ತದೆ.

ಬ್ಲೂಟೂತ್ ಮಷೀನು ಕೊಳ್ಳುವವರು ನಿಮ್ಮ ಫೋನನ್ನೇ ತೆಗೆದುಕೊಂಡು ಹೋಗಿ ಅಲ್ಲೇ ಜೋಡಿಸಿ ನೋಡಿ. ಐಫೋನಿಗೆ ಹೊಂದುವುದು ಎಲ್ಲಾ ಆಂಡ್ರಾಯ್ಡಿಗೂ ಹೊಂದಲ್ಲ. ಆಂಡ್ರಾಯ್ಡ್ 10ರಿಂದ ಕಿವಿ ಮಷೀನಿಗೆ ನೇರ ಜೋಡಿಸುವ ಸೌಲಭ್ಯ ಬಂದಿದೆ, ಆದರೂ ಎಲ್ಲಾ ಕಂಪನಿಯ ಫೋನಿನಲ್ಲೂ ಕೊಟ್ಟಿಲ್ಲ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ ಒಳಗೆ ಹುಡುಕಿ. ಎಷ್ಟೋ ಮಷೀನುಗಳಲ್ಲಿ ಆಚೆಯವರ ಮಾತು ನೇರ ಕಿವಿಗೆ ಬರುತ್ತದೆ, ನಿಮ್ಮ ಮಾತಿಗೆ ಮಾತ್ರ ಫೋನಿನ ಮೈಕೇ ಗತಿ, ಜೇಬಲ್ಲಿಟ್ಟು ಮಾತಾಡಿದರೆ ಅವರಿಗೆ ಕೇಳಲ್ಲ. ಬ್ಯಾಟರಿಯೂ ಬೇಗ ಖಾಲಿ.

ಮಂಡಕ್ಕಿ ತಿನ್ನುತ್ತಾ ಮಾತ್ರ ಫೋನು ಎತ್ತಬೇಡಿ, ಸ್ವಂತ ಬಾಯಿಯ ಕರುಂಕುರುಂ ಬಿಟ್ಟು ಬೇರೇನೂ ಕೇಳಲ್ಲ!

ದುಡ್ಡು, ಲೆಕ್ಕದ ವಿಷಯ ಬಂದರೆ ವಾಟ್ಸಾಪಿನಲ್ಲಿ ಬರೆದು ಕಳಿಸಿ ಅನ್ನಿ. ಅಪ್ಪಾಜಿ ಒಮ್ಮೆ ಐದು ಅಂದಿದ್ದನ್ನು ಹದಿನೈದು ಅಂತ ಕೇಳಿಸಿಕೊಂಡು ಹದಿನೈದು ಕೆಜಿ ಮೆಣಸಿನಕಾಯಿ ತಂದಿದ್ದರು, ಇನ್ನೂ ಅಟ್ಟದ ಮೇಲಿದೆ.