ಘಾಟ್ ಏರುವಾಗ ಹಳೆ ಕಾರು ಮುಗ್ಗರಿಸುತ್ತಿದೆಯೇ? ಪಂಪ್ ಬದಲಿಸುವ ಮುನ್ನ ಇಷ್ಟು ನೋಡಿ

ಮುಂಬಯಿಯಿಂದ ಬೆಳಗಾವಿ ಕಡೆಗೆ ಹೊರಟ ಹಳೆ ಮಾರುತಿ 800 ಪನವೇಲ್ ತನಕ ಸಲೀಸಾಗಿ ಓಡಿ, ಖಂಡಾಳ ಘಾಟ್‌ನಲ್ಲಿ ಎಳೆಯಲಾರದೆ ಜರ್ಕ್ ಹೊಡೆಯತೊಡಗಿದರೆ ಮೊದಲ ಅನುಮಾನ ಪೆಟ್ರೋಲ್ ಸರಬರಾಜಿನ ಮೇಲೆ. ಏರಿನಲ್ಲಿ ಇಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಪೆಟ್ರೋಲ್ ಬರುವ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದ್ದರೆ ಅದು ಗೊತ್ತಾಗುವುದೇ ಏರಿನಲ್ಲಿ. ಗ್ಯಾರೇಜಿಗೆ ಹೋದ ಕೂಡಲೇ, ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಬದಲಿಸಿಬಿಡುವ ಅಭ್ಯಾಸ ದುಡ್ಡು ದಂಡ.

ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಈ ಕೆಲಸ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ಬಯಲಿನಲ್ಲಿ, ಇಂಜಿನ್ ಪೂರ್ತಿ ತಣಿದ ಮೇಲೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿಟ್ಟುಕೊಂಡು ಮಾಡಿ.

ಕಾಸು ಖರ್ಚಿಲ್ಲದ ಪರೀಕ್ಷೆ ಟ್ಯಾಂಕ್ ಮುಚ್ಚಳದ್ದು. ಗಾಡಿ ಅರ್ಧ ಗಂಟೆ ಓಡಿ ನಿಂತರೆ ಮುಚ್ಚಳ ತಿರುಗಿಸಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಟ್ಯಾಂಕ್‌ಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆ ಎಂದರ್ಥ.

ಮುಂದಿನದು ಬಾಟಲಿ ಪರೀಕ್ಷೆ. ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಗಾಡಿಗಳಿಗೆ ಮಾತ್ರ ಇದು. ಕಿಡಿ ಹಾರದಂತೆ ಇಗ್ನಿಷನ್ ಕಾಯಿಲ್‌ಗೆ ಬರುವ ಕರೆಂಟ್ ವೈರ್ ತೆಗೆಯಿರಿ. ಕಾರ್ಬ್ಯುರೇಟರ್‌ಗೆ ಹೋಗುವ ಪೈಪ್ ಬಿಚ್ಚಿ ಬಾಟಲಿಯೊಳಗಿಟ್ಟು, ಇನ್ನೊಬ್ಬರಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ. ಚಿಮ್ಮಿ ಚಿಮ್ಮಿ ಜೋರಾಗಿ ಬಂದರೆ ಪಂಪ್ ಸರಿಯಿದೆ. ಕಾರ್ಬ್ಯುರೇಟರ್ ಒಳಗಿನ ಫ್ಲೋಟ್, ನೀಡಲ್ ವಾಲ್ವ್, ಜೆಟ್ ಕಡೆ ನೋಡಿ. ಗುಳ್ಳೆ ಬಂದರೆ ಟ್ಯಾಂಕ್ ಮತ್ತು ಪಂಪ್ ನಡುವಿನ ರಬ್ಬರ್ ಪೈಪ್ ಎಲ್ಲೋ ಬಿರಿದಿದೆ. ಅಲ್ಲಿ ಹೊರಗೆ ಹನಿಯೂ ಸೋರುವುದಿಲ್ಲ, ಒಳಗೆ ಗಾಳಿ ಹೀರುತ್ತದೆ. ಎಷ್ಟೋ ಮೆಕ್ಯಾನಿಕ್‌ಗಳ ಕಣ್ಣು ತಪ್ಪುವುದು ಇದೇ. ಕ್ಲಿಪ್ ಕೂರುವ ಜಾಗದಲ್ಲಿ ಪೈಪ್ ಬಾಗಿಸಿ ನೋಡಿ, ಕೂದಲೆಳೆಯಷ್ಟು ಬಿರುಕು ಆಗ ಬಾಯಿ ತೆರೆಯುತ್ತದೆ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲ್ ಹಳೆ ರಬ್ಬರಿಗೆ ಆಗಿಬರುವುದಿಲ್ಲ. ಎಥೆನಾಲ್ ತಾಳುವ ಪೈಪನ್ನೇ ಕೇಳಿ ತನ್ನಿ.

ಪೆಟ್ರೋಲ್ ಸಣ್ಣಗೆ ಬಂದರೆ ಪಂಪ್ ಹೀರುವ ಪೈಪನ್ನು ಬಿಚ್ಚಿ, ಶುದ್ಧ ಪೆಟ್ರೋಲ್ ಇರುವ ಚಿಕ್ಕ ಕ್ಯಾನಿಗೆ ನೇರ ಜೋಡಿಸಿ. ಮತ್ತೆ ಸೆಲ್ಫ್ ಹೊಡೆಸಿದಾಗ ಜೋರಾಗಿ ಬಂತೇ? ಪಂಪ್ ನಿರಪರಾಧಿ, ಫಿಲ್ಟರ್, ಲೈನ್ ಅಥವಾ ಟ್ಯಾಂಕ್ ಒಳಗಿನ ಜಾಲರಿ ಕಟ್ಟಿದೆ. ಹೊಸ ಫಿಲ್ಟರ್ ಹಾಕುವಾಗ ಬಾಣದ ಗುರುತು ಇಂಜಿನ್ ಕಡೆಗಿರಲಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಬಾಟಲಿಯನ್ನು ಹಾಗೇ ಬಿಟ್ಟು ತಳ ನೋಡಿ. ನೀರು ಹೆಚ್ಚಿದ್ದರೆ ಬೇರೆ ಪದರವಾಗಿ ನಿಲ್ಲುತ್ತದೆ.

ಎಂಪಿಎಫ್‌ಐ ಗಾಡಿಯಲ್ಲಿ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ಗಾಡಿಯಲ್ಲಿ, ಕರೆಂಟಿನ ಪಂಪ್ ಇರುತ್ತದೆ; ಕೀ ಆನ್ ಮಾಡಿ ಹಿಂದಿನ ಸೀಟಿಗೆ ಕಿವಿಗೊಡಿ. ಎರಡು ಸೆಕೆಂಡ್ ಗುಂಯ್ ಎನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪಿನ ಕನೆಕ್ಟರ್‌ನಲ್ಲಿ 12 ವೋಲ್ಟ್ ಬರುತ್ತಿದೆಯೇ ನೋಡಿ. ಸದ್ದಿದ್ದರೂ ಎಳೆಯದಿದ್ದರೆ ಪ್ರೆಷರ್ ಗೇಜ್ ಬೇಕೇ ಬೇಕು. ಹೆಚ್ಚಿನವುಗಳಲ್ಲಿ 3 ಬಾರ್ ಆಸುಪಾಸು, ನಿಖರ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಪ್ರೆಷರ್ ಇಳಿಸಿ.

ಮೆಕ್ಯಾನಿಕಲ್ ಪಂಪ್ (ಇಂಜಿನ್ ತಿರುಗುವುದರಿಂದಲೇ ಓಡುವ ಪಂಪ್) ಇರುವವರು ಆಯಿಲ್ ಕಡ್ಡಿಯನ್ನೂ ಎಳೆದು ಮೂಸಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪ್ ಒಳಗಿನ ಡಯಾಫ್ರಂ (ತೆಳು ಪರದೆ) ಹರಿದಿರುವ ಸಾಧ್ಯತೆ ಹೆಚ್ಚು. ಆಗ ಗಾಡಿ ಓಡಿಸಬೇಡಿ, ಪಂಪ್ ಜತೆಗೆ ಆಯಿಲ್ಲೂ ಬದಲಾಗಬೇಕು.