ನ್ಯೂಟ್ರೋಫಿಲ್ ಎಣಿಕೆಯನ್ನು ಓದುವುದು ಹೇಗೆ?

ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ವರದಿಯಲ್ಲಿ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್ ಶೇ 78 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ಕಂಡೊಡನೆ, ಸೋಂಕು ತಗುಲಿದೆಯೆಂದು ತಾವೇ ತೀರ್ಮಾನಿಸಿ, ಔಷಧ ಅಂಗಡಿಯಲ್ಲಿ ಆ್ಯಂಟಿಬಯೋಟಿಕ್ ಕೊಳ್ಳುವವರು ಬಹಳ ಮಂದಿ. ಆ ಸಾಲನ್ನು ಸರಿಯಾಗಿ ಓದಿದರೆ ಈ ಅವಸರ ತಪ್ಪುತ್ತದೆ.

ಮೊದಲು ಒಟ್ಟು ಬಿಳಿ ರಕ್ತಕಣಗಳ ಸಂಖ್ಯೆಯನ್ನು ನೋಡಿ. ವಯಸ್ಕರಲ್ಲಿ ಇದು ಘನ ಮಿಲಿಮೀಟರಿಗೆ ಸುಮಾರು 4,000ದಿಂದ 11,000 ಇರುತ್ತದೆ.

ಎರಡನೆಯ ಹಂತದಲ್ಲೇ ಹೆಚ್ಚಿನವರು ಎಡವುವುದು. ಶೇಕಡಾವಾರು ಎಂಬುದು ಒಟ್ಟು ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ಗಳ ಪಾಲು ಮಾತ್ರ. ದೇಹದ ರಕ್ಷಣೆಗೆ ಲೆಕ್ಕಕ್ಕೆ ಬರುವುದು ನಿಜವಾದ ಸಂಖ್ಯೆ. ಆದ್ದರಿಂದ ಒಟ್ಟು ಸಂಖ್ಯೆಯನ್ನು ನ್ಯೂಟ್ರೋಫಿಲ್ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಬೇಕು. ಇನ್ನೂ ಪೂರ್ತಿ ಬಲಿಯದ ‘ಬ್ಯಾಂಡ್’ ಕಣಗಳನ್ನು ವರದಿಯಲ್ಲಿ ಬೇರೆಯಾಗಿ ಕೊಟ್ಟಿದ್ದರೆ ಅವುಗಳ ಶೇಕಡಾವಾರನ್ನೂ ಗುಣಿಸುವ ಮೊದಲೇ ಸೇರಿಸಿಕೊಳ್ಳಬೇಕು. ಒಟ್ಟು 7,000 ಇದ್ದು ಪಾಲು ಶೇ 78 ಆದರೆ ಬರುವ ಉತ್ತರ 5,460, ಅಂದರೆ ವಯಸ್ಕರಿಗೆ ಸಾಮಾನ್ಯವಾದ 2,000ದಿಂದ 7,000ದ ಮಿತಿಯೊಳಗೇ ಇದೆ. ಇದಕ್ಕೆ ವಿರುದ್ಧವಾಗಿ, ಡೆಂಗಿ ಜ್ವರದವರ ಒಟ್ಟು ಸಂಖ್ಯೆ 2,400ಕ್ಕೆ ಇಳಿದು ಪಾಲು ಶೇ 55 ಇದ್ದರೆ ವರದಿಯ ನ್ಯೂಟ್ರೋಫಿಲ್ ಶೇಕಡಾವಾರಿನ ಸಾಲಿನಲ್ಲಿ ಯಾವ ಗುರುತೂ ಕಾಣದಿರಬಹುದು. ಆದರೆ ನಿಜಸಂಖ್ಯೆ 1,320 ಮಾತ್ರ, ಅದು ಕಡಿಮೆಯೇ. ಕೆಲವು ಪ್ರಯೋಗಾಲಯಗಳು 7,000ವನ್ನು ಸಾವಿರದ ಲೆಕ್ಕದಲ್ಲಿ 7.0 ಎಂದು ಅಚ್ಚು ಹಾಕುವುದರಿಂದ ಅಳತೆಯ ಮಾನವನ್ನು ಓದದೆ ಗುಣಿಸಬಾರದು. ಪುಟ್ಟ ಮಕ್ಕಳಲ್ಲಿ ಇನ್ನೊಂದು ಬಗೆಯ ಬಿಳಿ ಕಣಗಳಾದ ಲಿಂಫೋಸೈಟ್‌ಗಳೇ ಹೆಚ್ಚಿರುವುದು ಸಹಜವಾದ್ದರಿಂದ ದೊಡ್ಡವರ ಮಿತಿಯನ್ನು ಅವರಿಗೆ ಹಚ್ಚಲೇಬೇಡಿ.

ನಿಜಸಂಖ್ಯೆಯೂ ಹೆಚ್ಚಿದ್ದರೆ ಈಚೆಗೆ ನುಂಗಿದ ಮಾತ್ರೆಗಳನ್ನು ನೆನಪಿಸಿಕೊಳ್ಳಿ. ರಕ್ತನಾಳದ ಒಳಗೋಡೆಗೆ ಅಂಟಿಕೊಂಡು ಕಾಯುತ್ತಿರುವ ನ್ಯೂಟ್ರೋಫಿಲ್‌ಗಳನ್ನು ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಹರಿವಿಗೆ ಬಿಡಿಸುತ್ತದೆ, ಹಾಗಾಗಿ ಸೋಂಕಿಲ್ಲದೆಯೂ ಎಣಿಕೆ ಏರುತ್ತದೆ. ಧೂಮಪಾನ, ಗರ್ಭಾವಸ್ಥೆ, ತೀವ್ರ ವ್ಯಾಯಾಮಗಳೂ ಇದನ್ನು ಏರಿಸುತ್ತವೆ.

ನಿಜಸಂಖ್ಯೆ 1,500ಕ್ಕಿಂತ ಕಡಿಮೆಯಿದ್ದರೆ ವೈದ್ಯರಿಗೆ ತೋರಿಸಿ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಮಾರುವ ಪುಡಿಗಳಿಗೆ ಹಣ ಹಾಕಬೇಡಿ. ಕೀಮೋಥೆರಪಿ ಪಡೆಯುತ್ತಿರುವವರಲ್ಲಿ ಈ ನಿಜಸಂಖ್ಯೆ 500ಕ್ಕಿಂತ ಕೆಳಗಿಳಿದು ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ ಆದ್ದರಿಂದ, ಇಂಥವರಲ್ಲಿ ಗಂಭೀರ ಸೋಂಕಿದ್ದರೂ ಕೀವು ಕಟ್ಟದಿರಬಹುದು.

ಉರಿಯೂತದ ಕಾಯಿಲೆಗಳಲ್ಲಿ ರಕ್ತದ ಎಣಿಕೆಯೊಂದನ್ನೇ ನೆಚ್ಚಲಾಗದು. ಕೀಲು ಊದಿ ನೋಯುವ ಗೌಟ್ ಕಾಯಿಲೆಯಲ್ಲಿ ಯೂರಿಕ್ ಆಮ್ಲದ ಹರಳುಗಳನ್ನು ನುಂಗಲು ನ್ಯೂಟ್ರೋಫಿಲ್‌ಗಳು ಕೀಲಿಗೆ ನುಗ್ಗಿ, ತಮ್ಮೊಳಗಿನ ಕಿಣ್ವಗಳನ್ನು ಅಲ್ಲಿ ಚೆಲ್ಲಿ, ಊತವನ್ನೂ ನೋವನ್ನೂ ಹೆಚ್ಚಿಸುತ್ತವೆ. ಕೋಲ್ಚಿಸಿನ್ ಮಾತ್ರೆ ಈ ನುಗ್ಗುವಿಕೆಯನ್ನೇ ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ರಕ್ತದ ಎಣಿಕೆ ಸಾಮಾನ್ಯವಾಗಿಯೇ ಇರಬಹುದಾದ್ದರಿಂದ, ಅನುಮಾನವಿದ್ದಾಗ ವೈದ್ಯರು ಸೂಜಿಯಿಂದ ಕೀಲಿನ ದ್ರವ ತೆಗೆದು ಪರೀಕ್ಷಿಸುತ್ತಾರೆ. ರುಮಟಾಯ್ಡ್ ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ನುಂಗುವವರಲ್ಲಿ ಆ ಔಷಧವೇ ಎಣಿಕೆಯನ್ನು ಇಳಿಸಬಲ್ಲದು. ಅವರು ವೈದ್ಯರು ಹೇಳಿದ ಅವಧಿಗೆ, ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಹಳೆಯ ವರದಿಗಳನ್ನೂ ಜೊತೆಗೆ ಒಯ್ಯಬೇಕು.